ಜತ್ತದ ಕೂಸಿನ ತೂಕ ಯಾರು ಬರೆದುಕೊಳ್ಳಬೇಕು?

"ಊರೂರಿಗೆ ಅಂಗನವಾಡಿ ಇದೆ, ಊಟ ಬಿಟ್ಟಿ, ಲಸಿಕೆ ಬಿಟ್ಟಿ. ಆದರೂ ನಿಮ್ಮ ಕಡೆ ಮಕ್ಕಳು ಯಾಕೆ ಬಡಕಲು? ತಾಯಂದಿರಿಗೆ ತಿಳಿವಳಿಕೆ ಕಮ್ಮಿನಾ?" ಅಂತ ನೀನು ಕೇಳಿದೆ. ತಿಳಿವಳಿಕೆಯ ಮಾತು ನನಗೆ ನೋವು ತಂದಿತು. ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ ವಿಷಯ ಹೇಳುತ್ತೇನೆ, ಕೇಳು.

ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಪೂರ್ವ ಭಾಗ. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ, ಬೀಗತನ ವಿಜಯಪುರದ ಕಡೆ. ವೈನಿಯ ತವರೂ ಅಲ್ಲೇ. ಚೊಚ್ಚಲ ಹೆರಿಗೆ ತವರಲ್ಲಾಯಿತು. ತಾಯಿ ಮಗುವಿನ ಆರೋಗ್ಯ ಬರೆದಿಡುವ ಕರ್ನಾಟಕದ ತಾಯಿ ಕಾರ್ಡ್ ಆಯಿತು. ಬಿಸಿಜಿ, ಪೋಲಿಯೋ ಹನಿ, 6, 10, 14ನೇ ವಾರದ ಚುಚ್ಚುಮದ್ದು, ಒಂದೂ ತಪ್ಪಲಿಲ್ಲ.

ಕೂಸಿಗೆ 5 ತಿಂಗಳಾದಾಗ ಇಲ್ಲಿಗೆ ಕರೆತಂದೆವು. ಹೆಸರು ತವರಿನ ಅಂಗನವಾಡಿಯ ಪಟ್ಟಿಯಲ್ಲಿದೆ, ಅಲ್ಲಿ ತೆಗೆಯದೆ ಇಲ್ಲಿ ಸೇರಿಸಲು ಬರುವುದಿಲ್ಲ ಅಂದರು ಇಲ್ಲಿನ ಅಂಗನವಾಡಿಯವರು. ಅಂಗನವಾಡಿಯ ಹೆಸರುಗಳನ್ನು ದಾಖಲಿಸುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ವರ್ಗ ಮಾಡುವ ದಾರಿ ಇದೆ. ಆದರೆ ಅಲ್ಲಿನವರು ಬಿಡಬೇಕು, ಇಲ್ಲಿನವರು ಹಿಡಿಯಬೇಕು, ನಡುವೆ ರಾಜ್ಯದ ಗಡಿ. ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ 2025ರಿಂದ ಮುಖ ಗುರುತು ಬೇರೆ ಬೇಕು. ಪಟ್ಟಿಯಲ್ಲೇ ಇಲ್ಲದವರ ಮುಖ ಯಾರು ಗುರುತಿಸುತ್ತಾರೆ?

ಅಷ್ಟರಲ್ಲಿ ದೀಪಾವಳಿ ಬಂತು, ಕಬ್ಬು ಕಡಿಯುವ ಹಂಗಾಮು ಶುರುವಾಯಿತು. ಕೂಲಿಗಳನ್ನು ಕರೆದೊಯ್ಯುವ ಮುಕಾದಮನಿಂದ ಉಚಲ, ಅಂದರೆ ಮುಂಗಡ ಹಣ, ತೆಗೆದುಕೊಂಡ ಮೇಲೆ ಗಂಡ ಹೆಂಡತಿ ಜೋಡಿಯಾಗಿ ಹೋಗಲೇಬೇಕು. ಕೂಸೂ ಹೋಯಿತು. ತಾಡಪತ್ರಿಯ ಜೋಪಡಿ, ಕತ್ತಲಿರುವಾಗಲೇ ಕೆಲಸ. 6 ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಮೆತ್ತನೆ ಊಟ ಉಣಿಸಬೇಕು, ದಿನಕ್ಕೆ ಎರಡು ಮೂರು ಸಲ. ಅದು ವೈನಿಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಕಬ್ಬು ಕಡಿಯುವ ಕತ್ತಿ ಇರುವಾಗ ಉಣಿಸುವುದು ಹೇಗೆ?

9ನೇ ತಿಂಗಳ ದಡಾರ ರುಬೆಲ್ಲಾ ಚುಚ್ಚುಮದ್ದನ್ನು ಆ ಕಬ್ಬಿನೂರಿನ ಸಿಸ್ಟರ್ ಏನೂ ಕೇಳದೆ ಹಾಕಿದರು. ಅವರಿಗೆ ನಾವು ಋಣಿ. ಆದರೆ ತೂಕ ಯಾರೂ ನೋಡಲಿಲ್ಲ.

ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಇರುತ್ತದೆ ಅಲ್ವಾ? ಒಂದು ದಿನದ ತೂಕದಿಂದ ಕೂಸು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಎರಡು ತಿಂಗಳು ಗೆರೆ ಮೇಲೇರದಿದ್ದರೆ ಆಗಲೇ ಎಚ್ಚರವಾಗಬೇಕು, ಕೂಸು ಸೊರಗುವ ಮೊದಲೇ. ಮೂರು ಊರು ತಿರುಗಿದ ಕೂಸಿಗೆ ಆ ಗೆರೆಯೇ ಇಲ್ಲ. ಮರಳಿ ಬಂದಾಗ ನಮ್ಮ ಆಶಾ ಕಾರ್ಯಕರ್ತೆ ಕೂಸಿನ ತೋಳಿಗೆ ಅಳತೆ ಪಟ್ಟಿ ಸುತ್ತಿ ನೋಡಿದರು. ಬಣ್ಣ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕೆಳಗೆ ಹೋದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಅವರು ನೋಡಲಿಲ್ಲ. ಬಿಸಿಲಲ್ಲಿ ನಮ್ಮ ವಸ್ತಿಗೆ ನಡೆದು ಬಂದು, ಕನ್ನಡದಲ್ಲೇ ಹೇಳಿಕೊಟ್ಟು, ಕೂಸು ಚೇತರಿಸಿಕೊಳ್ಳುವವರೆಗೆ ಬಿಡಲಿಲ್ಲ. ಅಂಥವರು ನಮ್ಮಲ್ಲಿದ್ದಾರೆ, ಅದನ್ನೂ ತಿಳಿದುಕೋ.

"ಕರ್ನಾಟಕಕ್ಕೇ ಸೇರಿಬಿಡಿ" ಅಂತ ನೀನು ಸುಲಭವಾಗಿ ಹೇಳುತ್ತೀಯ. 2022ರಲ್ಲಿ ಜತ್ತದ ಹಳ್ಳಿಗಳ ಮೇಲೆ ಎರಡೂ ರಾಜ್ಯದವರು ಹಕ್ಕು ಹೇಳಿದರು. ಹಳ್ಳಿ ನಮ್ಮದು ಅನ್ನುವವರು ಆ ಹಳ್ಳಿಯ ಕೂಸೂ ನಮ್ಮದು ಅನ್ನಬೇಕು. ಎಲ್ಲಿದೆಯೋ ಅಲ್ಲೇ ತೂಗಿ, ಅಲ್ಲೇ ಉಣ್ಣಲು ಕೊಡಬೇಕು.

ಉಚಲ ಇನ್ನೂ ತೀರಿಲ್ಲ. ಅಣ್ಣ ವೈನಿ ಈ ಸಲವೂ ಹೋಗುತ್ತಾರೆ. ಗ್ಯಾಂಗಿನಲ್ಲಿ ಎಷ್ಟು ಜೋಡಿ ಅನ್ನುವುದು ಮುಕಾದಮನ ವಹಿಯಲ್ಲಿ ಮೊದಲೇ ಬರೆದಿರುತ್ತದೆ. ಜೊತೆಗೆ ಎಷ್ಟು ಕೂಸು ಅನ್ನುವುದನ್ನೂ ಬರೆಸಿ, ಕಬ್ಬಿನೂರಿನ ಅಂಗನವಾಡಿಗೆ ಮುಂಚೆಯೇ ಕಳಿಸಿ ಅಂತ ನಾವು ಕೇಳುತ್ತಿದ್ದೇವೆ.