ಫೆಬ್ರುವರಿಯ ಕಾರ್ಯಕ್ರಮಗಳಿಗೆ ನೀವೂ ಹೋಗಿ

ಅಮೆರಿಕದ ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಪದವಿಗೆಂದು ಬಂದಿರುವ ನೀವು, ಕಪ್ಪು ಜನರ ಇತಿಹಾಸವನ್ನು ನೆನೆಯಲು ಫೆಬ್ರುವರಿಯಲ್ಲಿ ನಡೆಯುವ ‘ಬ್ಲ್ಯಾಕ್ ಹಿಸ್ಟರಿ ಮಂತ್’ ಕಾರ್ಯಕ್ರಮಗಳಿಗೆ ಭಾರತೀಯರು ಹೋದರೆ ಯಾರಾದರೂ ಏನಾದರೂ ಅಂದುಕೊಂಡಾರೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ, ಧಾರಾಳವಾಗಿ ಹೋಗಿ. ಈ ಆಚರಣೆಯನ್ನು ನೋಡಲು ನಿಮ್ಮ ಕ್ಯಾಂಪಸ್ಸಿಗಿಂತ ತಕ್ಕ ಜಾಗ ಸಿಗುವುದೂ ಕಷ್ಟ.

ಇತಿಹಾಸಕಾರ ಕಾರ್ಟರ್ ಜಿ. ವುಡ್‌ಸನ್ 1926ರಲ್ಲಿ ಆರಂಭಿಸಿದ್ದು ಬರೀ ಒಂದು ವಾರದ ಆಚರಣೆ. ಅಬ್ರಹಾಂ ಲಿಂಕನ್ ಅವರ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರ ಜನ್ಮದಿನಗಳು ಫೆಬ್ರುವರಿಯಲ್ಲಿ ಬರುತ್ತಿದ್ದುದರಿಂದ ಅವರು ಆ ತಿಂಗಳನ್ನು ಆರಿಸಿಕೊಂಡರು. ಅದನ್ನು ಇಡೀ ತಿಂಗಳಿಗೆ ವಿಸ್ತರಿಸಬೇಕೆಂದು 1969ರಲ್ಲಿ ಪ್ರಸ್ತಾಪವಿಟ್ಟವರು ನಿಮ್ಮ ಕೆಂಟ್ ಸ್ಟೇಟಿನ ಕಪ್ಪು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಮರುವರ್ಷವೇ ಆಚರಿಸಿಯೂ ತೋರಿಸಿದರು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಮನ್ನಣೆ ಕೊಡುವ ಹೊತ್ತಿಗೆ 1976 ಆಗಿತ್ತು.

ಇದಕ್ಕೂ ನಮಗೂ ಏನು ಸಂಬಂಧ ಎನ್ನುವ ನಮ್ಮವರು ಇಲ್ಲಿ ಬೇಕಾದಷ್ಟಿದ್ದಾರೆ. 1946ರ ಕಾನೂನಿನ ಪ್ರಕಾರ ಭಾರತದಿಂದ ಇಲ್ಲಿ ನೆಲೆಸಲು ವರ್ಷಕ್ಕೆ ಸುಮಾರು 100 ಜನರಿಗಷ್ಟೇ ಅವಕಾಶವಿತ್ತು. ಜನಾಂಗ ನೋಡಿ ಬಾಗಿಲು ತೆರೆಯುವ ಆ ಪದ್ಧತಿಯನ್ನು ಕಿತ್ತುಹಾಕಿದ 1965ರ ವಲಸೆ ಕಾನೂನು, ಕಪ್ಪು ಜನರು ಲಾಠಿ, ಜೈಲುಗಳನ್ನು ಎದುರಿಸಿ ನಡೆಸಿದ ನಾಗರಿಕ ಹಕ್ಕುಗಳ ಚಳವಳಿಯ ಭರಾಟೆಯಲ್ಲಿಯೇ ಬಂತು. ಆ ದಾರಿಯಲ್ಲಿ ಬಂದು ಮನೆ ಮಾಡಿಕೊಂಡವರೇ ಹೊಸಬರಿಗೆ ಕಪ್ಪು ಜನರಿರುವ ಕಡೆ ತೋರಿಸಿ ‘ಆ ಕಡೆಯ ಬಡಾವಣೆಗೆ ಹೋಗಬೇಡಿ’ ಎಂದು ಮೊದಲ ಬುದ್ಧಿವಾದ ಹೇಳುವುದನ್ನು ಕೇಳಿದಾಗ ನನಗೆ ನಾಚಿಕೆಯಾಗುತ್ತದೆ. ಸಂಬಂಧ ಇನ್ನೂ ಹಳೆಯದು: ಹೋವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಕಪ್ಪು ವಿದ್ವಾಂಸ ಬೆಂಜಮಿನ್ ಮೇಸ್, 1937ರ ಆರಂಭದಲ್ಲಿ ಮೈಸೂರಿನಲ್ಲಿ ನಡೆದ ವೈಎಂಸಿಎ ವಿಶ್ವ ಸಮ್ಮೇಳನಕ್ಕೆಂದು ಬಂದವರು, ಅದೇ ಪ್ರವಾಸದಲ್ಲಿ ಗಾಂಧೀಜಿಯವರನ್ನು ಕಂಡು ಅಹಿಂಸೆಯ ಬಗ್ಗೆ ಮಾತನಾಡಿದರು. ಮುಂದೆ ಅವರು ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದಾಗ ಅಲ್ಲಿ ಓದಿದ ಮಾರ್ಟಿನ್ ಲೂಥರ್ ಕಿಂಗ್, ಮೇಸ್ ಅವರನ್ನು ಗುರುವೆಂದೇ ಭಾವಿಸಿದ್ದರು.

ಕಾರ್ಯಕ್ರಮದ ಆರಂಭದಲ್ಲಿ ‘ಲಿಫ್ಟ್ ಎವ್ರಿ ವಾಯ್ಸ್ ಆಂಡ್ ಸಿಂಗ್’ ಹಾಡಿದರೆ ಎಲ್ಲರ ಜೊತೆ ಎದ್ದು ನಿಲ್ಲಿ. 1900ರಲ್ಲಿ ರಚನೆಯಾದ ಅದನ್ನು ಕಪ್ಪು ಜನರು ತಮ್ಮ ರಾಷ್ಟ್ರಗೀತೆಯೆಂದೇ ಕರೆಯುತ್ತಾರೆ. ಉಪನ್ಯಾಸದ ನಂತರ ಪ್ರಶ್ನೆ ಕೇಳುವ ನೆಪದಲ್ಲಿ ನಮ್ಮ ದೇಶದ ಪುರಾಣ ಬಿಚ್ಚುವ ಚಾಳಿ ನಮ್ಮವರಿಗಿದೆ, ಅದೊಂದನ್ನು ತಡೆದುಕೊಳ್ಳಿ. ಆದರೆ ಭಾರತದಲ್ಲಿ ಆಫ್ರಿಕಾ ಮೂಲದವರಿದ್ದಾರೆಯೇ ಎಂದು ಅವರಾಗಿಯೇ ಕೇಳಿದರೆ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಬಗ್ಗೆ ಅಗತ್ಯವಾಗಿ ಹೇಳಿ.

ಊಟವಿದ್ದರೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್ ಬ್ರೆಡ್, ಬೇಯಿಸಿದ ಕಾಲರ್ಡ್ ಸೊಪ್ಪು ಮತ್ತು ‘ಬ್ಲ್ಯಾಕ್ ಐಡ್ ಪೀಸ್’, ಅಂದರೆ ಪಶ್ಚಿಮ ಆಫ್ರಿಕಾದಿಂದ ಗುಲಾಮರ ಹಡಗುಗಳೊಂದಿಗೆ ಅಮೆರಿಕ ಸೇರಿದ ನಮ್ಮ ಅಲಸಂದೆ ಕಾಳು, ಇರುವ ಸಂಭವ ಹೆಚ್ಚು. ಸೊಪ್ಪನ್ನೂ ಕಾಳನ್ನೂ ಹಂದಿಯ ಮಾಂಸ ಹಾಕಿ ಬೇಯಿಸುವುದು ಇಲ್ಲಿ ರೂಢಿಯಾದ್ದರಿಂದ, ನೀವು ಸಸ್ಯಾಹಾರಿಯಾಗಿದ್ದರೆ ಬಡಿಸುವವರನ್ನು ಕೇಳಿಯೇ ಹಾಕಿಸಿಕೊಳ್ಳಿ. ಹಾಗೆ ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.