ಆಟದ ಪರದೆ: ಟೀವಿಯೋ, ಮಾನಿಟರೋ?

ಕಂಪ್ಯೂಟರ್ ಆಟಕ್ಕೆ ಯಾವ ಪರದೆ ಎಂಬ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳು ಈ ಸಲ. ಘಟ್ಟದ ಮೇಲಿನವರ ತಾಪತ್ರಯ ಕರೆಂಟಿನದು, ಕೆಳಗಿನವರದು ಉಪ್ಪುಗಾಳಿಯದು.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗ ಆಟಕ್ಕೆಂದು 43 ಇಂಚಿನ 4ಕೆ ಟೀವಿ ಕೇಳುತ್ತಿದ್ದಾನೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಅಂಗಡಿಯವರು 27 ಇಂಚಿನ ಮಾನಿಟರ್ ತೋರಿಸುತ್ತಾರೆ. ದೊಡ್ಡದನ್ನು ಬಿಟ್ಟು ಸಣ್ಣದಕ್ಕೆ ಅಷ್ಟು ಕೊಡುವುದೇಕೆ? ಕಂಪ್ಯೂಟರಿನಲ್ಲಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ. ಮೇಜು ಎರಡಡಿ ಆಳದ್ದು. — ಓದುಗರು, ಕಾರವಾರ

ಮೇಜಿನ ಅಳತೆ ಬರೆದದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅಲ್ಲೇ ಇದೆ. ಎರಡಡಿ ಮೇಜಿನ ಹಿಂದಂಚಿಗೆ ಪರದೆ ತಳ್ಳಿ ಕೂತರೂ ಕಣ್ಣಿಗೂ ಅದಕ್ಕೂ 70–75 ಸೆಂ.ಮೀ. ಮಾತ್ರ. 43 ಇಂಚಿನ ಟೀವಿಯ ಅಗಲವೇ 95 ಸೆಂ.ಮೀ. ನಕಾಶೆ ಒಂದು ಮೂಲೆಯಲ್ಲಿ, ಉಳಿದ ಗುಂಡಿನ ಲೆಕ್ಕ ಇನ್ನೊಂದು ಮೂಲೆಯಲ್ಲಿ. ಎರಡನ್ನೂ ನೋಡುತ್ತ ಆಡಬೇಕೆಂದರೆ ಕತ್ತು ಆಚೆ ಈಚೆ ಹೊರಳುತ್ತಲೇ ಇರಬೇಕು. 27 ಇಂಚಿನದು 60 ಸೆಂ.ಮೀ. ಅಗಲ, ಕಣ್ಣು ಸರಿಸಿದರೆ ಸಾಕು. ಮಾನಿಟರಿನ ಎತ್ತರವನ್ನೂ ಬಾಗನ್ನೂ ಹೊಂದಿಸಿಕೊಳ್ಳಬಹುದು (ತೀರ ಅಗ್ಗದವುಗಳಲ್ಲಿ ಬಾಗು ಮಾತ್ರ). ಟೀವಿ ಎರಡು ಕಾಲೂರಿ ನಿಂತಿತೆಂದರೆ ನಿಂತಿತು.

ಎರಡನೆಯದು ಕಾರ್ಡಿನ ತಾಕತ್ತು. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆ, 1440ಪಿಯಲ್ಲಿ 37 ಲಕ್ಷ, 1080ಪಿಯಲ್ಲಿ 21 ಲಕ್ಷ. ಪ್ರತಿ ಫ್ರೇಮಿಗೂ ಅಷ್ಟನ್ನೂ ಕಾರ್ಡ್ ಬಿಡಿಸಬೇಕು. 8 ಜಿಬಿ ಮೆಮೊರಿಯ 4060 ಮೂಲತಃ 1080ಪಿಗೆ ಹೇಳಿಸಿದ ಕಾರ್ಡ್. 1440ಪಿಯನ್ನು ಕೆಲವು ಸೆಟ್ಟಿಂಗ್ ಇಳಿಸಿ ನಿಭಾಯಿಸುತ್ತದೆ. 4ಕೆಯಲ್ಲಿ ಹೊಸ ಆಟಗಳಿಗೆ ಏದುಸಿರು ಬಿಡುತ್ತದೆ. ಇನ್ನು ನುಣುಪಿನ ವಿಷಯಕ್ಕೆ ಬಂದರೆ, ಇಂಚಿಗೆ 43ರ 4ಕೆಯಲ್ಲಿ 102 ಚುಕ್ಕೆ, 27ರ 1440ಪಿಯಲ್ಲಿ 109. ಹತ್ತಿರ ಕೂತವನಿಗೆ ಸಣ್ಣದೇ ಒಂದು ಕೈ ಮೇಲು.

ಮೂರನೆಯದು ವೇಗ. ಈ ಬೆಲೆಯ ಟೀವಿಗಳ ಪ್ಯಾನೆಲ್ ಬಹುತೇಕ 60 ಹರ್ಟ್ಸ್‌ನದು (ಸೆಕೆಂಡಿಗೆ 60 ಚಿತ್ರ), ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. 144 ಹರ್ಟ್ಸ್ ಮಾನಿಟರಿನಲ್ಲಿ ಅದು 6.9. ಪೆಟ್ಟಿಗೆಯ ಮೇಲೆ 'ಮೋಷನ್ ರೇಟ್ 120', 'ಎಂಇಎಂಸಿ' ಎಂದೆಲ್ಲ ದಪ್ಪಕ್ಷರದಲ್ಲಿ ಕಂಡರೆ ಮರುಳಾಗಬೇಡಿ. ಅದು ಇದ್ದ ಚಿತ್ರಗಳ ನಡುವೆ ಟೀವಿಯೇ ಹೊಸ ಚಿತ್ರ ಹೊಸೆದು ತುರುಕುವ ಕಸರತ್ತು. ಸಿನಿಮಾಕ್ಕೆ ಬೇಕಾದರೆ ಇರಲಿ, ಆಟಕ್ಕೆ ಮಾತ್ರ ಅದರಿಂದ ತಡವೇ ಹೆಚ್ಚು. ಕೇಳಬೇಕಾದ ಪ್ರಶ್ನೆ ಒಂದೇ: "ಕಂಪ್ಯೂಟರಿನಿಂದ 4ಕೆ 120 ಹರ್ಟ್ಸ್ ಇನ್‌ಪುಟ್ ತೆಗೆದುಕೊಳ್ಳುತ್ತದಾ?" 'ಎಚ್‌ಡಿಎಂಐ 2.1' ಎಂಬ ಚೀಟಿಯೊಂದೇ ಇದಕ್ಕೆ ಸಾಕ್ಷಿಯಲ್ಲ. ಆ ಹೆಸರಿನಡಿ ಹಳೆಯ 2.0 ಮಟ್ಟದ ಪೋರ್ಟ್ ಕೊಡುವುದಕ್ಕೂ ನಿಯಮದಲ್ಲಿ ಅವಕಾಶವಿದೆ.

ದೊಡ್ಡ ಟೀವಿ ಈಗ ಇನ್ನೂ ಅಗ್ಗವಾಗಿ ಕಾಣುವುದಕ್ಕೆ ಒಂದು ಕಾರಣ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡವುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 27 ಇಂಚಿನ ಮಾನಿಟರಿಗೆ ಮೊದಲೂ 18 ಇತ್ತು, ಈಗಲೂ ಅಷ್ಟೇ.

ಹಾಗಾಗಿ 27 ಇಂಚು, 1440ಪಿ, 144 ಹರ್ಟ್ಸ್ ಅಥವಾ ಮೇಲೆ, ಐಪಿಎಸ್ ಬಗೆಯ ಪ್ಯಾನೆಲ್ ತೆಗೆದುಕೊಳ್ಳಿ. ಇನ್ನೊಂದು ಬಗೆಯಾದ ವಿಎ ಪ್ಯಾನೆಲಿನಲ್ಲಿ ಕಪ್ಪು ಇನ್ನೂ ಗಾಢ. ಆದರೆ ಅಗ್ಗದ ವಿಎಗಳಲ್ಲಿ ಕತ್ತಲೆಯ ದೃಶ್ಯ ಸರಿದಾಡುವಾಗ ಹಿಂದೆ ಮಸಿ ಎಳೆದಂತಾಗುತ್ತದೆ. ಮಗ ಮೇಜು ಬಿಟ್ಟು ಹಾಲಿನಲ್ಲಿ ಏಳೆಂಟು ಅಡಿ ದೂರ ಕೂತು, ಕೈಯಲ್ಲಿ ಕಂಟ್ರೋಲರ್ ಹಿಡಿದು ಫುಟ್‌ಬಾಲ್, ಕಾರ್ ರೇಸ್ ಆಡುವವನಾದರೆ ಮೇಲಿನದೆಲ್ಲ ತಿರುಗುಮುರುಗು. ಆಗ ಟೀವಿಯೇ ಸರಿ, ಮನೆಮಂದಿಗೂ ಆಯಿತು.

ಪ್ರಶ್ನೆ: ಮನೆಯ 32 ಇಂಚಿನ ಟೀವಿಗೇ ಕಂಪ್ಯೂಟರ್ ಜೋಡಿಸಿದ್ದೇನೆ. ಅಕ್ಷರ ಮಸುಕು, ನಾಲ್ಕೂ ಅಂಚು ಕತ್ತರಿಸಿದಂತೆ, ಮೌಸ್ ನೀರಲ್ಲಿ ತೇಲಿದ ಹಾಗೆ. ಮಾನಿಟರ್ ಕೊಳ್ಳಲೇಬೇಕಾ? — ಓದುಗರು, ಕುಮಟಾ

ಮೊದಲು ಅರ್ಧ ಗಂಟೆ ಖರ್ಚು ಮಾಡಿ, ದುಡ್ಡು ಆಮೇಲೆ.

ಅಂಚು ಕತ್ತರಿಸುವುದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಹಳೆಯ ಕಾಲದ ಪ್ರಸಾರದಲ್ಲಿ ಅಂಚಿನ ಕೊಳಕು ಮುಚ್ಚಲು ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತಿದ್ದ ಪದ್ಧತಿ ಇನ್ನೂ ಟೀವಿ ಬಿಟ್ಟುಹೋಗಿಲ್ಲ. ಚಿತ್ರದ ಗಾತ್ರದ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಅಥವಾ 'ಫುಲ್ ಪಿಕ್ಸೆಲ್' ಎಂದು ಯಾವುದಾದರೂ ಇರುತ್ತದೆ, ಅದನ್ನು ಆರಿಸಿ. ಹಿಗ್ಗುವುದು ನಿಂತರೆ ಮಸುಕೂ ಅರ್ಧ ಹೋಗುತ್ತದೆ. ನಂತರ ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐಯ ಹೆಸರನ್ನು 'ಪಿಸಿ' ಎಂದು ಬದಲಿಸಿ. ಬರೀ ಹೆಸರಲ್ಲವೇ ಎನ್ನಬೇಡಿ. ಹಲವು ಟೀವಿಗಳು ಆ ಹೆಸರು ಕಂಡಾಗಲೇ ಬಣ್ಣದ ಮಾಹಿತಿಯನ್ನು ಅರ್ಧಕ್ಕಿಳಿಸದೆ ಪೂರ್ತಿ, ಅಂದರೆ 4:4:4 ಆಗಿ ತೋರಿಸುವುದು. ಪರೀಕ್ಷೆ ಸುಲಭ: ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರ ಬರೆದು ನೋಡಿ, ಅಂಚು ಕಲೆಸಿದಂತಿದ್ದರೆ ಇನ್ನೂ ಪೂರ್ತಿ ಬಂದಿಲ್ಲ. ಕಪ್ಪು ಬೂದಿಯಂತೆ ಪೇಲವವಾಗಿದ್ದರೆ ಕಾರ್ಡಿನ ಕಂಟ್ರೋಲ್ ಪ್ಯಾನೆಲಿನಲ್ಲಿ ಔಟ್‌ಪುಟ್ ರೇಂಜ್ 'ಫುಲ್' ಮಾಡಿ.

ತೇಲುವ ಮೌಸಿಗೆ ಮದ್ದು 'ಗೇಮ್ ಮೋಡ್'. ಅದಿಲ್ಲದೆ ಟೀವಿ ಒಂದೊಂದು ಚಿತ್ರವನ್ನೂ ತಿದ್ದಿ ತೀಡಿ ಹೊರಬಿಡುವಷ್ಟರಲ್ಲಿ 50ರಿಂದ 100 ಮಿಲಿಸೆಕೆಂಡ್ ಹೋಗುತ್ತದೆ. ಗೇಮ್ ಮೋಡಿನಲ್ಲಿ ಒಳ್ಳೆಯ ಟೀವಿಗಳು 10–15ಕ್ಕೆ ಇಳಿಯುತ್ತವೆ. ನಿಮ್ಮದು ಎಷ್ಟೆಂದು ಮನೆಯಲ್ಲೇ ಅಳೆಯಬಹುದು. ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ, ವಿಂಡೋಸ್ ಕೀ ಮತ್ತು 'ಪಿ' ಒತ್ತಿ 'ಡೂಪ್ಲಿಕೇಟ್' ಆರಿಸಿ. ಮಿಲಿಸೆಕೆಂಡ್ ತೋರುವ ಸ್ಟಾಪ್‌ವಾಚ್ ಓಡಿಸಿ, ಎರಡೂ ಪರದೆ ಒಂದೇ ಫ್ರೇಮಿನಲ್ಲಿ ಬರುವಂತೆ ಮೊಬೈಲಿನಲ್ಲಿ ಹತ್ತು ಫೋಟೋ ತೆಗೆಯಿರಿ. ಲ್ಯಾಪ್‌ಟಾಪಿನ ಅಂಕಿಯಲ್ಲಿ ಟೀವಿಯ ಅಂಕಿ ಕಳೆದು ಹತ್ತರ ಸರಾಸರಿ ಹಿಡಿಯಿರಿ. ಒಂದೇ ಫೋಟೋ ನಂಬಬೇಡಿ, ಪರದೆ ಬದಲಾಗುವುದೇ 16.7ರ ಹೆಜ್ಜೆಯಲ್ಲಿ. ಸರಾಸರಿ 20ರೊಳಗಿದ್ದರೆ ಸಾಮಾನ್ಯ ಆಟಕ್ಕೆ ಚಿಂತೆಯಿಲ್ಲ. 50 ದಾಟಿದರೆ ಶೂಟಿಂಗ್ ಆಟದ ಆಸೆ ಬಿಡಿ.

ಇಷ್ಟಾಗಿಯೂ ಟೀವಿಯ ಮೇಲೆ 'ಎಚ್‌ಡಿ ರೆಡಿ' ಎಂದಿದ್ದರೆ ಅಕ್ಷರ ಸುಧಾರಿಸದು. ಅದು 1366×768 ಚುಕ್ಕೆಯದು, ಇಂಚಿಗೆ 49 ಮಾತ್ರ. 24 ಇಂಚಿನ ಸಾಧಾರಣ ಮಾನಿಟರಿನಲ್ಲಿ 92. ಆಗ ಮಾತ್ರ ಅಂಗಡಿಗೆ ಹೋಗಿ.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ತಂದೆ. ಹಳೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣುತ್ತಿಲ್ಲ. — ಓದುಗರು, ಶಿರಸಿ

ಹತ್ತರಲ್ಲಿ ಎಂಟು ಸಲ ಅದು 60ರಲ್ಲೇ ಓಡುತ್ತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ: ಅಲ್ಲಿ ರಿಫ್ರೆಶ್ ರೇಟ್ ನೀವೇ 144 ಮಾಡಬೇಕು. ಪಟ್ಟಿಯಲ್ಲಿ 144 ಇಲ್ಲವೇ? ಪೆಟ್ಟಿಗೆಯ ತಳದಲ್ಲಿ ಡಿಸ್‌ಪ್ಲೇ ಪೋರ್ಟ್ ಕೇಬಲ್ ಬಿದ್ದಿದೆಯೇ ನೋಡಿ, ಅದನ್ನು ಹಾಕಿ. ಕೇಬಲಿನ ಇನ್ನೊಂದು ತುದಿ ಸಿಪಿಯು ಡಬ್ಬದ ಹಿಂದೆ ಯುಎಸ್‌ಬಿಗಳ ಸಾಲಿನಲ್ಲಿ ಲಂಬವಾಗಿರುವ ಕಿಂಡಿಗಲ್ಲ, ಅದರ ಕೆಳಗೆ ಅಡ್ಡಡ್ಡ ಇರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಹೋಗಬೇಕು. ಮೇಲಿನದಕ್ಕೆ ಸಿಕ್ಕಿಸಿದರೆ ದುಬಾರಿ ಕಾರ್ಡ್ ಸುಮ್ಮನೆ ಕೂತಿರುತ್ತದೆ.

ಪ್ರಶ್ನೆ: ಮನೆ ಕಡಲಿನಿಂದ ಕೂಗಳತೆಯಲ್ಲಿ. ಮಳೆಗಾಲ, ಉಪ್ಪುಗಾಳಿ, ಸಿಡಿಲು ಎಲ್ಲ ಉಂಟು. ಬಾಳಿಕೆ ಟೀವಿಯದೋ ಮಾನಿಟರಿನದೋ? — ಓದುಗರು, ಅಂಕೋಲಾ

ಉಪ್ಪು ಎರಡಕ್ಕೂ ಒಂದೇ. ಸಿಡಿಲಿನಲ್ಲಿ ಮಾತ್ರ ಟೀವಿಗೆ ಅಪಾಯ ಹೆಚ್ಚು, ಕಾರಣ ಮಾಡಿನ ಮೇಲಿನ ಡಿಶ್. ಅಲ್ಲಿಂದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಟೀವಿಗೆ, ಟೀವಿಯಿಂದ ಇನ್ನೊಂದು ಎಚ್‌ಡಿಎಂಐ ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ. ಹತ್ತಿರದಲ್ಲೆಲ್ಲೋ ಬಡಿದ ಸಿಡಿಲಿನ ಅಲೆ ಈ ದಾರಿ ಹಿಡಿದು ಬಂದರೆ ಮೊದಲು ಸುಡುವುದು ಎಚ್‌ಡಿಎಂಐ ಕಿಂಡಿಯ ಹಿಂದಿನ ಚಿಪ್ಪು. ಚಿತ್ರ ಬರುವುದಿಲ್ಲ, ಉಳಿದದ್ದೆಲ್ಲ ಸರಿಯಿರುತ್ತದೆ. ಮೇಜಿನ ಮಾನಿಟರಿಗೆ ಈ ಬಾಲವಿಲ್ಲ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್, ಡಿಶ್ ಕೇಬಲ್, ರೌಟರಿನ ಲ್ಯಾನ್ ವೈರ್ ಮೂರನ್ನೂ ಕಿತ್ತಿಡಿ. ಫೈಬರ್ ಗಾಜಿನೆಳೆ, ಅದರಲ್ಲಿ ಕರೆಂಟ್ ಹರಿಯದು. ಆದರೆ ಅದರ ಡಬ್ಬಕ್ಕೆ ಹೋಗುವ ಅಡಾಪ್ಟರಿನಲ್ಲಿ ಹರಿಯುತ್ತದೆ.

ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆಂದು ನಿಶ್ಚಿಂತರಾಗುವ ಮೊದಲು ಅರ್ಥಿಂಗ್ ನೋಡಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ದುರ್ಬಲವಾಗುತ್ತದೆ, ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುತ್ತಿರಿ.

ಉಪ್ಪುಗಾಳಿಯ ಮೊದಲ ಲಕ್ಷಣ ಚಿತ್ರ ಆಗಾಗ ಮಿಣುಕಿ 'ನೋ ಸಿಗ್ನಲ್' ಬರುವುದು. ಪರದೆ ಹಾಳಾಯಿತೆಂದು ಹೆದರಬೇಡಿ, ಹೆಚ್ಚಾಗಿ ಕೇಬಲಿನ ಪಿನ್ನಿನ ಮೇಲೆ ಹಸಿರು ಕಿಲುಬು. ಎಲ್ಲ ಆರಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆದು ಬ್ರಷ್ಷಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ನಾಲ್ಕಾರು ಸಲ ಹಾಕಿ ತೆಗೆದು ನೋಡಿ. ಪರದೆಯನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳೇ ಗೀರುತ್ತದೆ. ಹಿಂಡಿದ ಒದ್ದೆ ಮೈಕ್ರೊಫೈಬರ್, ಆಮೇಲೆ ಒಣದ್ದು. ಪರದೆಗೆ ನೇರ ಸ್ಪ್ರೇ ಬೇಡವೇ ಬೇಡ. ಹನಿ ಇಳಿದು ಕೆಳಗಿನ ಪಟ್ಟಿಯೊಳಗೆ ಹೋಗುತ್ತದೆ, ಅಲ್ಲೇ ಪ್ಯಾನೆಲಿನ ಸೂಕ್ಷ್ಮ ಜೋಡಣೆಗಳಿರುವುದು. ಉದ್ದುದ್ದ ಗೆರೆ ಮೂಡಿತೆಂದರೆ ಮುಗಿಯಿತು. ಜೂನ್–ಸೆಪ್ಟೆಂಬರಿನಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಹಚ್ಚಿಡಿ, ಒಳಗಿನ ಬಿಸಿಗೆ ತೇವ ನಿಲ್ಲದು.

ಗೋಡೆಗೆ ತೂಗುಹಾಕುವುದಾದರೆ ಮಳೆ ಹೊಡೆಯುವ ಪಡುಗೋಡೆ ಬೇಡ. ಚಿರೇಕಲ್ಲಿನ ಗೋಡೆಯಲ್ಲಿ ಸಣ್ಣ ಪ್ಲಗ್ ಹಿಡಿಯದು, ಡ್ರಿಲ್ ಮಾಡಿದ ತೂತು ಪುಡಿಯುದುರಿ ಅಗಲವಾಗುತ್ತದೆ. ಅಗಲದ ಮರದ ಹಲಗೆಯೊಂದನ್ನು ಏಳೆಂಟು ಕಡೆ ಉದ್ದ ಸ್ಕ್ರೂ ಹಾಕಿ ಕೂರಿಸಿ, ಬ್ರಾಕೆಟ್ಟನ್ನು ಆ ಹಲಗೆಗೆ ಬಿಗಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಇನ್ವರ್ಟರ್ ಮೇಲೇ ಆಡಬೇಕು. ಟೀವಿ ಇಟ್ಟರೆ ಎಷ್ಟು ಹೊತ್ತು ಕಮ್ಮಿಯಾಗುತ್ತದೆ? ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ಯಾಕೆ? — ಓದುಗರು, ಸಿದ್ದಾಪುರ

24–27 ಇಂಚಿನ ಮಾನಿಟರ್ 25–40 ವ್ಯಾಟ್, 43 ಇಂಚಿನ ಟೀವಿ 80–100. ಆಟ ಓಡುವಾಗ ಮಧ್ಯಮ ಮಟ್ಟದ ಕಂಪ್ಯೂಟರ್ 250 ಎನ್ನಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್‌ಅವರ್, ಕೈಗೆ ಸಿಗುವುದು 1,200ರ ಆಸುಪಾಸು. ಮಾನಿಟರ್ ಜೊತೆ ನಾಲ್ಕು ಗಂಟೆ, ಟೀವಿ ಜೊತೆ ಮೂರೂವರೆ, ಅದೂ ಬ್ಯಾಟರಿ ಹೊಸದಿದ್ದರೆ. ದೀಪ, ಫ್ಯಾನ್ ಇದರಲ್ಲಿ ಸೇರಿಲ್ಲ.

ರೀಸ್ಟಾರ್ಟ್ ಆಗುವುದು ಇನ್ವರ್ಟರ್ ಬ್ಯಾಟರಿಗೆ ಬದಲಾಗುವುದು ತಡವಾಗುವುದರಿಂದ. ಹಿಂದಿನ ಸ್ವಿಚ್ಚನ್ನು 'ಯುಪಿಎಸ್ ಮೋಡ್'ಗೆ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಅದೂ ಸಾಲದಿರಬಹುದು, ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ವ್ಯವಸ್ಥೆ) ಇರುವ ಕಂಪ್ಯೂಟರ್ ಪವರ್ ಸಪ್ಲೈಗಳು ಆ ಅಲೆಗೆ ಮುನಿಸಿಕೊಂಡು ಆರುತ್ತವೆ. ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಬೇಕು.

ಪ್ರಶ್ನೆ: 42 ಇಂಚಿನ ಓಎಲ್ಇಡಿ ಟೀವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದೇ? — ಓದುಗರು, ಭಟ್ಕಳ

ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಪರದೆ ಇದು. ಆಟಕ್ಕೆ ಸೊಗಸು, 4ಕೆ 120 ಹರ್ಟ್ಸ್ ಉಂಟು, ಕಪ್ಪೆಂದರೆ ಕಪ್ಪು. ಹಗಲೆಲ್ಲ ಎಕ್ಸೆಲ್, ಟ್ಯಾಲಿ ತೆರೆದಿಟ್ಟು ಕೆಲಸ ಮಾಡುವವರಿಗೆ ಬೇಡ. ಅಲುಗಾಡದ ಗೆರೆಗಳು ಕಾಲಕ್ರಮೇಣ ಪ್ಯಾನೆಲಿನಲ್ಲಿ ಅಚ್ಚೊತ್ತಿಬಿಡುತ್ತವೆ. ಕೊಂಡರೆ ಟಾಸ್ಕ್‌ಬಾರ್ ಅಡಗಿಸಿ, ಕಪ್ಪು ವಾಲ್‌ಪೇಪರ್ ಹಾಕಿ, ಮೇಜು ಒಂದು ಮೀಟರ್ ಆಳದ್ದಿರಲಿ. ಕಂಪ್ಯೂಟರ್ ಮಲಗಿದರೆ ಮಾನಿಟರಿನಂತೆ ಟೀವಿ ತಾನಾಗಿ ಮಲಗುವುದಿಲ್ಲ, ರಿಮೋಟಿನಲ್ಲಿ ಆರಿಸುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರುವಾಗ ಏನು ಜಾಗ್ರತೆ? — ಓದುಗರು, ಯಲ್ಲಾಪುರ

ಪೆಟ್ಟಿಗೆ ನಿಂತೇ ಬರಬೇಕು. ಮಲಗಿಸಿದರೆ ಗುಂಡಿ ಹಾರಿದಾಗಲೆಲ್ಲ ಪ್ಯಾನೆಲಿನ ನಡುಭಾಗ ಬಳುಕುತ್ತದೆ, ಮೇಲೊಂದು ಅಕ್ಕಿಮೂಟೆ ಬಿದ್ದರಂತೂ ಕೇಳುವುದೇ ಬೇಡ. ದೊಡ್ಡ ಟೀವಿಯಾದರೆ ಬಸ್ಸಿನ ಡಿಕ್ಕಿಗಿಂತ ಕಾರಿನ ಹಿಂಸೀಟು ವಾಸಿ. ಅಂಗಡಿಯಲ್ಲೇ ಹಚ್ಚಿಸಿ, ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಚಿತ್ರಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ ಸತ್ತ ಚುಕ್ಕೆ ಹುಡುಕಿ. ಒಂದೆರಡು ಚುಕ್ಕೆಗೆ ವಾರಂಟಿಯಲ್ಲಿ ಬದಲಿ ಕೊಡದ ಕಂಪನಿಗಳಿವೆ. ಮನೆಯಲ್ಲಿ ಪೆಟ್ಟಿಗೆ ಬಿಚ್ಚುವುದರ ವಿಡಿಯೊವನ್ನು ಸೀಲ್ ಕತ್ತರಿಸುವಲ್ಲಿಂದಲೇ, ನಡುವೆ ನಿಲ್ಲಿಸದೆ ತೆಗೆಯಿರಿ.