ಸಿಲಿಂಡರ್ ಬೇಡ, ನಿಮ್ಮ ಬೋರ್‌ವೆಲ್ ನೀರೇ ಸಾಕು

ಪ್ರಶ್ನೆ: ಮೇಷ್ಟ್ರೇ, ನಮ್ಮ ಮನೆಯಲ್ಲಿ ಎರಡಡಿ ಉದ್ದದ ಅಕ್ವೇರಿಯಂ ಇದೆ. ಎಂಟು ಗಪ್ಪಿ, ಎರಡು ಮೋಲಿ ಇವೆ. ಪ್ಲಾಸ್ಟಿಕ್ ಗಿಡ ನೋಡಿ ನೋಡಿ ಬೇಜಾರಾಗಿ ಮೂರು ನಿಜವಾದ ಗಿಡ ತಂದೆ. ಒಂದಕ್ಕೆ ಉದ್ದನೆಯ ಕೆಂಪು ಎಲೆ, ಇನ್ನೊಂದಕ್ಕೆ ಹಸಿರಿನ ಮೇಲೆ ಬಿಳಿ ಮಚ್ಚೆ, ಮೂರನೆಯದು ದಪ್ಪ ಎಲೆಯ ಕುಳ್ಳ ಗಿಡ. ಮೂರನ್ನೂ ಜಲ್ಲಿಯೊಳಗೆ ಭದ್ರವಾಗಿ ಊರಿದೆ. ಒಂದೂವರೆ ತಿಂಗಳಲ್ಲಿ ಮೂರೂ ಕೊಳೆತವು. ಅಂಗಡಿಯವರು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕಿಸಿ ಅಂತಾರೆ. ನಮ್ಮದು ಬೋರ್‌ವೆಲ್ ನೀರು, ಬಕೆಟ್ಟಿಗೆಲ್ಲ ಬಿಳಿ ಕಲೆ ಕಟ್ಟುತ್ತೆ. ಗಿಡ ನನ್ನ ಕೈಗೆ ಆಗಿಬರಲ್ವಾ?
– ಗೃಹಿಣಿ, ವಿಜಯನಗರ, ಬೆಂಗಳೂರು

ಉತ್ತರ: ಮೂರರಲ್ಲಿ ಎರಡು ಗಿಡ ಸತ್ತದ್ದು ನಿಮ್ಮ ತಪ್ಪಲ್ಲ. ನೀವು ಹೇಳಿದ ಗುರುತು ನೋಡಿದರೆ ಕೆಂಪು ಎಲೆಯದು ಡ್ರಸೀನಾ, ಮಚ್ಚೆಯದು ಸಿಂಗೋನಿಯಂ ಇರಬೇಕು. ಎರಡೂ ನೆಲದ ಗಿಡಗಳು, ವರಾಂಡದ ಕುಂಡದಲ್ಲಿ ಚೆನ್ನಾಗಿ ಬರುತ್ತವೆ. ಪೂರ್ತಿ ಮುಳುಗಿಸಿಟ್ಟರೆ ಒಂದಿಷ್ಟು ದಿನ ಉಸಿರು ಹಿಡಿದುಕೊಂಡಿದ್ದು ಆಮೇಲೆ ಕೊಳೆಯುತ್ತವೆ. ‘ಲಕ್ಕಿ ಬ್ಯಾಂಬೂ’ ಅಂತ ಮಾರುತ್ತಾರಲ್ಲ, ಅದೂ ಒಂದು ಡ್ರಸೀನಾನೇ. ಅದರ ಬುಡ ಮಾತ್ರ ನೀರಲ್ಲಿದ್ದು ಎಲೆ ಹೊರಗಿದ್ದರೆ ಬದುಕುತ್ತೆ. ಕೊಳ್ಳುವಾಗ ಒಂದು ಸಣ್ಣ ಪರೀಕ್ಷೆ ಮಾಡಿ: ಗಿಡವನ್ನು ನೀರಿನಿಂದ ಎತ್ತಿ ಹಿಡಿಯಿರಿ. ಕಾಂಡ ನೆಟ್ಟಗೆ ನಿಂತರೆ ಅನುಮಾನಪಡಿ. ನೀರಲ್ಲೇ ಬೆಳೆದ ಗಿಡ ಸಾಮಾನ್ಯವಾಗಿ ಒದ್ದೆ ಕೂದಲಿನ ಹಾಗೆ ಜೋತುಬೀಳುತ್ತೆ.

ಈ ಪರೀಕ್ಷೆಯಲ್ಲಿ ಫೇಲಾದರೂ ನೀರಲ್ಲಿ ಪಾಸಾಗುವುದು ಅನೂಬಿಯಸ್. ನಿಮ್ಮ ಮೂರನೆಯ ಗಿಡ ಅದೇ. ಅದನ್ನು ಕೊಂದದ್ದು ಮಾತ್ರ ನೀವೇ, ಬೇಜಾರು ಮಾಡ್ಕೋಬೇಡಿ. ಅದರ ಬುಡದಲ್ಲಿ ಅರಿಶಿನದ ಕೊಂಬಿನಂಥ ಒಂದು ಹಸಿರು ಕಾಂಡ ಅಡ್ಡಡ್ಡ ಬೆಳೆಯುತ್ತೆ. ಅರಿಶಿನವನ್ನು ಹೂಳುತ್ತೇವೆ, ಇದನ್ನು ಹೂಳಬಾರದು. ಜಲ್ಲಿಯೊಳಗೆ ಮುಚ್ಚಿದರೆ ಮೊದಲು ಆ ಕೊಂಬು ಮೆತ್ತಗಾಗಿ, ಆಮೇಲೆ ಎಲೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಇನ್ನೊಂದು ತಂದರೆ ಒಂದು ಕಲ್ಲಿಗೋ ಮರದ ತುಂಡಿಗೋ ಹೊಲಿಗೆ ದಾರದಲ್ಲಿ ಕಟ್ಟಿ ಸುಮ್ನೆ ಒಳಗಿಡಿ. ಬೇರು ತಾನಾಗಿ ಕಲ್ಲು ಹಿಡಿಯುತ್ತೆ. ಜಾವಾ ಫರ್ನ್ ಕೂಡ ಹೀಗೇ. ಅದರ ಎಲೆಯ ಅಡಿಯಲ್ಲಿ ಕಂದು ಚುಕ್ಕೆ ಸಾಲು ಕಂಡರೆ ರೋಗ ಅಂತ ಕತ್ತರಿಸಬೇಡಿ. ಕೆಲವು ದಿನ ಬಿಟ್ಟು ನೋಡಿದರೆ ಹಳೆಯ ಎಲೆಯ ತುದಿಯಲ್ಲೇ ಕೂದಲೆಳೆಯಂಥ ಬೇರು ಬಿಟ್ಟುಕೊಂಡು ಮರಿಗಿಡ ನೇತಾಡುತ್ತಿರುತ್ತೆ.

ಈಗ ಸಿಲಿಂಡರ್ ವಿಷಯ. ಹೈಸ್ಕೂಲಿನ ಹೈಡ್ರಿಲ್ಲಾ ಪ್ರಯೋಗ ನೆನಪಿದೆಯಾ? ಬೀಕರಿನಲ್ಲಿ ಗಿಡ, ಮೇಲೆ ಬೋರಲು ಹಾಕಿದ ಆಲಿಕೆ, ಅದರ ಮೇಲೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆ ಏಳಬೇಕು. ಇನ್‌ಸ್ಪೆಕ್ಟರ್ ಬರುವ ದಿನ ಮೋಡ ಕವಿದು ಗುಳ್ಳೆಯೇ ಏಳದೆ ನಾನು ಬೆವರಿದ್ದೇನೆ. ಹಾಗಾಗಿ ಬೀಕರಿಗೆ ಮೊದಲೇ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿಡುತ್ತಿದ್ದೆ. ಸೋಡಾ ಅಂದರೆ ಬೈಕಾರ್ಬೊನೇಟ್. ಹೈಡ್ರಿಲ್ಲಾ ಅದರಿಂದಲೇ ಕಾರ್ಬನ್ ಎಳೆದುಕೊಳ್ಳುತ್ತೆ. ಅದೇ ಬೈಕಾರ್ಬೊನೇಟ್ ನಿಮ್ಮ ಗಡಸು ನೀರಿನಲ್ಲಿ ಆಗಲೇ ಕರಗಿದೆ. ನಿಮ್ಮ ಬಕೆಟ್ಟಿನ ಬಿಳಿ ಕಲೆಯ ಮೂಲ ಅದೇ. (ಹಾಗಂತ ಅಕ್ವೇರಿಯಮ್ಮಿಗೆ ಸೋಡಾ ಸುರಿಯಬೇಡಿ!) ಎಲ್ಲ ಗಿಡಕ್ಕೂ ಈ ವಿದ್ಯೆ ಬರುವುದಿಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್‌ಗೆ ಬರುತ್ತೆ. ಅನೂಬಿಯಸ್, ಜಾವಾ ಫರ್ನ್‌ಗೆ ಬರದಿದ್ದರೂ ಅವು ಎಷ್ಟು ನಿಧಾನಕ್ಕೆ ಬೆಳೆಯುತ್ತವೆ ಅಂದರೆ ಮೀನು ಬಿಟ್ಟ ಉಸಿರೇ ಅವಕ್ಕೆ ಸಾಕು.

ನಾನಾಗಿದ್ದರೆ ಹಿಂದಿನ ಗಾಜಿನ ಉದ್ದಕ್ಕೂ ವ್ಯಾಲಿಸ್ನೇರಿಯಾ ನೆಡುತ್ತಿದ್ದೆ. ರಿಬ್ಬನ್ನಿನಂಥ ಎಲೆ, ಗರಿಕೆಯ ಹಾಗೆ ಬಳ್ಳಿ ಬಿಟ್ಟು ಹಬ್ಬುತ್ತೆ. ಬೇರು ಮಾತ್ರ ಜಲ್ಲಿಯೊಳಗಿರಲಿ, ಎಲೆ ಹುಟ್ಟುವ ಬುಡ ಮೇಲೇ ಇರಲಿ. ಒಂದು ಹಿಡಿ ಹಾರ್ನ್‌ವರ್ಟ್ ತೇಲಿಬಿಡಿ. ಅದಕ್ಕೆ ಬೇರೇ ಇಲ್ಲ. ಮೊದಲ ವಾರ ಸೂಜಿ ಸೂಜಿ ಎಲೆ ಉದುರಿಸಿ ನಿಮ್ಮನ್ನು ಹೆದರಿಸುತ್ತೆ, ಆಮೇಲೆ ಕತ್ತರಿಸಿದಷ್ಟೂ ಬೆಳೆಯುತ್ತೆ. ಗಪ್ಪಿ ತನ್ನ ಮರಿಯನ್ನೇ ತಿನ್ನುವುದನ್ನು ನೀವು ನೋಡಿರುತ್ತೀರಿ. ಮರಿಗಳು ಅಡಗುವುದು ಇದರಲ್ಲೇ. ಮುಂದುಗಡೆಗೆ ಕ್ರಿಪ್ಟೊಕೋರೈನ್ ಇಡಬಹುದು. ಅದರ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇವೆ. ಜಾಗ ಬದಲಿಸಿದರೆ ಮುನಿಸಿಕೊಂಡು ಎಲೆಯನ್ನೆಲ್ಲ ಕರಗಿಸಿಬಿಡುತ್ತೆ. ಕಿತ್ತು ಎಸೆಯಬೇಡಿ. ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತೆ.

ಲೈಟು ದಿನಕ್ಕೆ ಆರೇಳು ಗಂಟೆ ಸಾಕು. ಜಾಸ್ತಿ ಹಾಕಿದರೆ ಪಾಚಿ ಕಟ್ಟುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಕೆಂಪು ಎಲೆಯ ನಿಜವಾದ ನೀರುಗಿಡದ ಆಸೆ ಒಂದು ವರ್ಷ ಮುಂದೂಡಿ.

ಪ್ರಶ್ನೆ: ನಮ್ಮ ಗೋಲ್ಡ್‌ಫಿಶ್ ಯಾವ ಗಿಡ ಹಾಕಿದರೂ ತಿಂದು ಹಾಕುತ್ತೆ. ಏನು ಮಾಡಲಿ?
– ಹಾಸನದ ಓದುಗರು

ಉತ್ತರ: ಅದು ಅದರ ಊಟ, ಬೈಯಬೇಡಿ. ಎಲೆ ಗಟ್ಟಿ ಇರುವ ಅನೂಬಿಯಸ್, ಜಾವಾ ಫರ್ನ್ ಎರಡನ್ನೇ ಕಲ್ಲಿಗೆ ಕಟ್ಟಿ ಇಡಿ. ಜಲ್ಲಿಯಲ್ಲಿ ನೆಟ್ಟದ್ದನ್ನು ಗೋಲ್ಡ್‌ಫಿಶ್ ತಿನ್ನದಿದ್ದರೂ ಕೆದಕಿ ಕೀಳುತ್ತೆ.

ಪ್ರಶ್ನೆ: ಸರ್, ನಮ್ಮೂರ ಕೆರೆಯಲ್ಲಿ ಹೈಡ್ರಿಲ್ಲಾ ಬೇಕಾದಷ್ಟಿದೆ. ತಂದು ಹಾಕಬಹುದಾ?
– ಪಿಯುಸಿ ವಿದ್ಯಾರ್ಥಿ, ದಾವಣಗೆರೆ ಜಿಲ್ಲೆ

ಉತ್ತರ: ಚರಂಡಿ ಸೇರದ ಕೆರೆಯಾದರೆ ತರಬಹುದು. ಆದರೆ ನೇರವಾಗಿ ಹಾಕಬೇಡಪ್ಪ. ನಾನು ಶಾಲೆಗೆ ತಂದು ಮಿಕ್ಕದ್ದನ್ನು ಮನೆಯ ತೊಟ್ಟಿಗೆ ಹಾಕಿದ್ದೆ. ದಿನಕ್ಕೆ ಎರಡು ಮೂರು ಗಪ್ಪಿ ಮರಿ ಕಾಣೆಯಾಗತೊಡಗಿದವು. ಒಂದು ರಾತ್ರಿ ಟಾರ್ಚ್ ಬಿಟ್ಟು ಕೂತೆ. ಗಿಡದ ಕಾಂಡಕ್ಕೆ ಮಣ್ಣು ಬಣ್ಣದ ಹುಳವೊಂದು ಅಲ್ಲಾಡದೆ ಅಂಟಿಕೊಂಡಿತ್ತು. ಮರಿ ಹತ್ತಿರ ಬಂತು. ಹುಳದ ಮೊಗದಡಿ ಮಡಿಚಿಟ್ಟ ತೋಳಿನಂಥ ದವಡೆ ಪಟ್ಟನೆ ಚಾಚಿತು, ಮರಿ ಅದರಲ್ಲಿ ಸಿಕ್ಕಿಬಿದ್ದಿತ್ತು. ಏರೋಪ್ಲೇನ್ ಚಿಟ್ಟೆಯ ಮರಿಹುಳ ಅದು. ಆದ್ದರಿಂದ ತಂದದ್ದನ್ನು ಎರಡು ವಾರ ಬಿಳಿ ಬಕೆಟ್ಟಿನಲ್ಲಿಡು. ದಿನಾ ನೋಡಿ ಹುಳ, ಬಸವನಹುಳು ಹೆಕ್ಕು.

ಇನ್ನೊಂದು ಮಾತು. ಹೆಚ್ಚಾದ ಗಿಡವನ್ನು ಯಾವ ಕೆರೆಗೂ ಎಸೆಯಬೇಡ. ಇದೇ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ಗಿಡವಾಗಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನ ನದಿ ಸರೋವರಗಳಲ್ಲಿ ದೋಣಿ ಓಡದಷ್ಟು ತುಂಬಿಕೊಂಡಿತು. ನಮ್ಮ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ಕಳೆಯೂ ದಕ್ಷಿಣ ಅಮೆರಿಕದಿಂದ ಅಂದಕ್ಕೆಂದು ಬಂದದ್ದೇ. ನಮ್ಮ ಮನೆಯಲ್ಲಿ ಕತ್ತರಿಸಿದ ಗಿಡವನ್ನು ತಾರಸಿಯಲ್ಲಿ ಒಣಗಿಸಿ ದಾಸವಾಳದ ಬುಡಕ್ಕೆ ಹಾಕುತ್ತೇವೆ.